ಪೊಟ್ಟಣದ ಕೇಕಿಗೆ ಬದಲು ಹಂಚಿನ ಹೋಳಿಗೆ

ಹೊಸಪೇಟೆಯ ಬಸ್ ನಿಲ್ದಾಣವಿರಲಿ, ಹಂಪಿಯ ಗುಡಿ ಬೀದಿಯಿರಲಿ, ಸಂಡೂರು, ಕಂಪ್ಲಿಯ ಶಾಲೆಗಳ ಎದುರಿನ ಅಂಗಡಿಯಿರಲಿ, ಈಗ ಎಲ್ಲೆಡೆ ಸಿಗುವುದು ಒಂದೇ ಬಗೆಯ ತಿನಿಸು: ಕ್ರೀಮ್ ತುಂಬಿದ ಬನ್, ಚಾಕೊಲೇಟ್ ಕೇಕು, ಜಾಮ್ ರೋಲು, ಖಾರಿ. ಬೆಲೆ ಕಡಿಮೆ, ಬಾಯಿಗೆ ಹಿತ, ಬೇಗ ಕೆಡುವುದಿಲ್ಲ. ಬೇಗ ಕೆಡಬಾರದು ಎಂಬ ಆ ಅಗತ್ಯವೇ ಈ ತಿನಿಸುಗಳ ಬಹುಪಾಲು ದೋಷಗಳಿಗೆ ಮೂಲ. ಮನೆಯಲ್ಲಿ ಮಾಡುವ ತಿನಿಸಿಗೆ ಆ ಅಗತ್ಯವಿಲ್ಲ.

ಪೊಟ್ಟಣದ ಬೆನ್ನು ಓದಿ

ಪೊಟ್ಟಣದ ಹಿಂದೆ ಅಚ್ಚಾಗಿರುವ ಪದಾರ್ಥಗಳ ಪಟ್ಟಿಗೆ ಒಂದು ಕ್ರಮವಿದೆ. ತೂಕದಲ್ಲಿ ಯಾವುದು ಹೆಚ್ಚೋ ಅದು ಮೊದಲು ಬರಬೇಕು. ಇಂಥ ತಿನಿಸುಗಳಲ್ಲಿ ಮೊದಲ ಮೂರು ಜಾಗ ಸಾಮಾನ್ಯವಾಗಿ ಮೈದಾ, ಸಕ್ಕರೆ ಮತ್ತು ತಾಳೆ ಎಣ್ಣೆಯವು.

ಮೈದಾ ಎಂದರೆ ತೌಡು ಮತ್ತು ಮೊಳಕೆಯ ಭಾಗ ತೆಗೆದ ಗೋಧಿ. 100 ಗ್ರಾಂ ಗೋಧಿಹಿಟ್ಟಿನಲ್ಲಿ ಸುಮಾರು 11 ಗ್ರಾಂ ನಾರು ಇದ್ದರೆ ಮೈದಾದಲ್ಲಿ 3 ಗ್ರಾಂ ಕೂಡ ಇರುವುದಿಲ್ಲ. ತಾಳೆ ಎಣ್ಣೆಯಲ್ಲಿ ಅರ್ಧದಷ್ಟು ಪರ್ಯಾಪ್ತ ಕೊಬ್ಬು. ಬಿಸಿಲಿಲ್ಲದ ಕಡೆ ಅದು ಅರೆಗಟ್ಟಿಯಾಗಿ ನಿಲ್ಲುತ್ತದೆ, ಬೇಗ ಕಮಟು ಹಿಡಿಯುವುದಿಲ್ಲ, ಅಗ್ಗವೂ ಹೌದು. ಹಿಂದೆ ಈ ಕೆಲಸಕ್ಕೆ ವನಸ್ಪತಿ ಹೆಚ್ಚು ಬಳಕೆಯಲ್ಲಿತ್ತು. ಅದರಲ್ಲಿದ್ದ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೇಡು ಎಂದು ತಿಳಿದ ಮೇಲೆ, ತಿನಿಸಿನ ಒಟ್ಟು ಕೊಬ್ಬಿನಲ್ಲಿ ಕೈಗಾರಿಕಾ ಟ್ರಾನ್ಸ್ ಕೊಬ್ಬು ಶೇ 2ನ್ನು ಮೀರಬಾರದೆಂಬ ನಿಯಮ 2022ರ ಜನವರಿ 1ರಿಂದ ದೇಶದಲ್ಲಿ ಜಾರಿಗೆ ಬಂತು. ಇದು ಒಳ್ಳೆಯ ಹೆಜ್ಜೆ. ಆದರೆ ಸಕ್ಕರೆ, ಮೈದಾ, ಪರ್ಯಾಪ್ತ ಕೊಬ್ಬು ಹಾಗೆಯೇ ಉಳಿದಿವೆ.

ಸಕ್ಕರೆ, ಬೆಲ್ಲ, ಜೇನು ಎಲ್ಲ ಸೇರಿ ದಿನಕ್ಕೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳಿತು. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಲೆಕ್ಕ ಇದು. ಚಿಕ್ಕ ಮಕ್ಕಳ ಪಾಲು ಇದಕ್ಕಿಂತ ಕಡಿಮೆ.

ನಮ್ಮ ಸುತ್ತಲೇ ಇರುವ ಸಾಮಗ್ರಿ

ವಿಜಯನಗರದ ಕಾಲದಲ್ಲಿ ತೋಡಿದ ತುಂಗಭದ್ರೆಯ ಕಾಲುವೆಗಳು ಇಂದಿಗೂ ಹೊಸಪೇಟೆ, ಕಮಲಾಪುರ, ಕಂಪ್ಲಿಯ ಗದ್ದೆ ತೋಟಗಳಿಗೆ ನೀರುಣಿಸುತ್ತಿವೆ. ಆ ನೀರಿಗೆ ಕಬ್ಬು, ಬಾಳೆ, ಭತ್ತ ಬೆಳೆಯುತ್ತವೆ. ಕಾಲುವೆ ನೀರು ತಲುಪದ ಹೊಲಗಳಲ್ಲಿ ಶೇಂಗಾ, ಸಜ್ಜೆ, ನವಣೆ, ಎಳ್ಳು. ಒಳ್ಳೆಯ ತಿನಿಸಿಗೆ ಬೇಕಾದ ಬೆಲ್ಲ, ಹಣ್ಣು, ಕಾಳು, ಎಣ್ಣೆ ಎಲ್ಲವೂ ಇಲ್ಲಿಯೇ ಇವೆ.

ಓವನ್ ಇಲ್ಲದೆ ಬೇಯಿಸುವ ಜಾಣ್ಮೆಯೂ ಕನ್ನಡದವರಿಗೆ ಹೊಸದಲ್ಲ. 16ನೇ ಶತಮಾನದ ಆರಂಭದ ಕವಿ, ಕಲ್ಲಹಳ್ಳಿಯ ಮೂರನೇ ಮಂಗರಸ ತನ್ನ ‘ಸೂಪಶಾಸ್ತ್ರ’ದಲ್ಲಿ ಹಿಟ್ಟಿನ ತಿನಿಸುಗಳಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ಮೇಲೂ ಕೆಳಗೂ ಕೆಂಡದ ಕಾವು ಕೊಟ್ಟು ಬೇಯಿಸುವ ಮುಚ್ಚಳ ರೊಟ್ಟಿ ಅದರಲ್ಲಿದೆ.

ಶೇಂಗಾ ಹೋಳಿಗೆ

ಜಾಮ್ ರೋಲಿಗೆ ಇದು ಎಲ್ಲ ರೀತಿಯಿಂದಲೂ ಸಮರ್ಥ ಬದಲಿ. 200 ಗ್ರಾಂ ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆಯಿರಿ. ಬೂಷ್ಟು ಹಿಡಿದ, ಕಪ್ಪಾದ, ಮುರುಟಿದ ಕಾಳನ್ನು ಹುರಿಯುವ ಮೊದಲೇ ಆರಿಸಿ ಎಸೆಯಿರಿ. ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಎರಡು ಚಮಚ ಹುರಿದ ಎಳ್ಳು, 120 ಗ್ರಾಂ ಬೆಲ್ಲ, ಏಲಕ್ಕಿ ಸೇರಿಸಿ ಪುಡಿ ಮಾಡಿ. ಶೇಂಗಾದ ಎಣ್ಣೆ ಬಿಟ್ಟು ಹೂರಣ ತಾನೇ ಉಂಡೆ ಕಟ್ಟುತ್ತದೆ. ಕಟ್ಟದಿದ್ದರೆ ಒಂದೆರಡು ಚಮಚ ಬಿಸಿನೀರು ಚಿಮುಕಿಸಿ.

200 ಗ್ರಾಂ ಗೋಧಿಹಿಟ್ಟಿಗೆ ಎರಡು ಚಮಚ ಚಿರೋಟಿ ರವೆ, ಒಂದು ಚಮಚ ಎಣ್ಣೆ, ಚಿಟಿಕೆ ಉಪ್ಪು ಹಾಕಿ ಕಣಕ ಕಲಸಿ ಅರ್ಧ ತಾಸು ಬಿಡಿ. 16 ಉಂಡೆ ಮಾಡಿ, ಹೂರಣ ತುಂಬಿ, ಲಟ್ಟಿಸಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಮಗ್ಗುಲು ಬೇಯಿಸಿ. ಒಂದು ಹೋಳಿಗೆಗೆ ಬೀಳುವ ಬೆಲ್ಲ ಏಳೂವರೆ ಗ್ರಾಂ ಮಾತ್ರ. ಬೇಳೆ ಹೋಳಿಗೆಯ ಹೂರಣದಲ್ಲಿ ನೀರಿನಂಶ ಹೆಚ್ಚು, ಆದ್ದರಿಂದ ಅದು ಬೇಗ ಹಳಸುತ್ತದೆ. ಶೇಂಗಾ ಹೂರಣ ಒಣಗಿರುವುದರಿಂದ ಹೋಳಿಗೆ ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿದರೆ ಯಾವ ಸಂರಕ್ಷಕವೂ ಇಲ್ಲದೆ ವಾರ ಇರುತ್ತದೆ.

ಪದರಿನ ಪಲ್ಯದ ಕಡುಬು

ಬೇಕರಿಯ ಪಫ್ಸ್ ಉಬ್ಬುವುದು ಹಿಟ್ಟಿನ ಪದರುಗಳ ನಡುವೆ ಗಟ್ಟಿ ಕೊಬ್ಬು ಕೂತು, ಒಳಗಿನ ತೇವ ಹಬೆಯಾಗಿ ಅವನ್ನು ಎತ್ತುವುದರಿಂದ. ಮನೆಯಲ್ಲಿ ಅಷ್ಟು ಕೊಬ್ಬು ಬೇಡ. ಚಿರೋಟಿಗೆ ಹಚ್ಚುವಂತೆ, ಎರಡು ಚಮಚ ತುಪ್ಪಕ್ಕೆ ಮೂರು ಚಮಚ ಅಕ್ಕಿಹಿಟ್ಟು ಕಲಸಿ ಸಾಟಿ ಮಾಡಿ. ಗೋಧಿಹಿಟ್ಟಿನ ಮೂರು ತೆಳು ಚಪಾತಿಗೆ ಅದನ್ನು ಸವರಿ, ಒಂದರ ಮೇಲೊಂದಿಟ್ಟು ಸುತ್ತಿ, ತುಂಡರಿಸಿ ಮತ್ತೆ ಲಟ್ಟಿಸಿ. ಬೇಯಿಸಿದ ಹೆಸರುಕಾಳು, ಈರುಳ್ಳಿ, ಮೆಂತ್ಯ ಸೊಪ್ಪಿನ ಒಣ ಪಲ್ಯ ತುಂಬಿ ಅಂಚು ಒತ್ತಿ.

ದಪ್ಪ ತಳದ ಪಾತ್ರೆಯಲ್ಲಿ ಒಂದು ಬೆರಳು ದಪ್ಪ ಉಪ್ಪು ಹಾಸಿ, ಮುಚ್ಚಿ, ಹತ್ತು ನಿಮಿಷ ಕಾಯಿಸಿ. ಒಳಗೆ ಸ್ಟ್ಯಾಂಡ್ ಇಟ್ಟು, ತಟ್ಟೆಯಲ್ಲಿ ಕಡುಬು ಜೋಡಿಸಿ ಸುಮಾರು ಅರ್ಧ ತಾಸು ಬೇಯಿಸಿ. ಮೇಲಿನಿಂದ ಕಾವು ಕಡಿಮೆ, ಹಾಗಾಗಿ ನಡುವೆ ಒಮ್ಮೆ ಮಗುಚಬೇಕು.

ಬಾಳೆಹಣ್ಣಿನ ಪಡ್ಡು

ಚಿಕ್ಕ ಕೇಕಿಗೆ ಬದಲಾಗಿ: ಪೂರ್ತಿ ಕಳಿತ ಎರಡು ಬಾಳೆಹಣ್ಣು ಕಿವುಚಿ, ಒಂದು ಬಟ್ಟಲು ಗೋಧಿಹಿಟ್ಟು, ಅರ್ಧ ಬಟ್ಟಲು ನವಣೆ ಹಿಟ್ಟು, ಅರ್ಧ ಬಟ್ಟಲು ಮೊಸರು, ಕಾಲು ಚಮಚ ಅಡುಗೆ ಸೋಡಾ ಬೆರೆಸಿ ಪಡ್ಡಿನ ಹಂಚಿನಲ್ಲಿ ಮುಚ್ಚಿ ಬೇಯಿಸಿ. ಹಣ್ಣಿನ ಸಿಹಿಯೇ ಸಾಕು. ತೇವ ಹೆಚ್ಚಿರುವುದರಿಂದ ಅಂದೇ ತಿಂದು ಮುಗಿಸಬೇಕು.

ಬೆಲ್ಲವೂ ಸಿಹಿಯೇ

ಬೆಲ್ಲದಲ್ಲಿ ಅಲ್ಪಸ್ವಲ್ಪ ಖನಿಜಗಳಿವೆ ನಿಜ. ಆದರೆ ಅದರ ಬಹುಭಾಗ ಸಕ್ಕರೆಯೇ. ಮಧುಮೇಹ ಇರುವವರ ರಕ್ತದ ಸಕ್ಕರೆಯನ್ನು ಅದೂ ಏರಿಸುತ್ತದೆ. ಶೇಂಗಾ ಪೌಷ್ಟಿಕ, 100 ಗ್ರಾಂಗೆ ಸುಮಾರು 25 ಗ್ರಾಂ ಪ್ರೋಟೀನು ಕೊಡುತ್ತದೆ, ಕ್ಯಾಲೊರಿಯನ್ನೂ ಹೇರಳವಾಗಿ ಕೊಡುತ್ತದೆ. ಮನೆಯದೆಂದು ನಾಲ್ಕಾರು ತಿಂದರೆ ಲಾಭವಿಲ್ಲ. ಮಗುವಿನ ಡಬ್ಬಿಗೆ ಒಂದು ಹೋಳಿಗೆ, ಜೊತೆಗೊಂದು ಹಣ್ಣು, ಅಷ್ಟು ಸಾಕು.

ವಾರಕ್ಕೊಮ್ಮೆ, ರಜೆಯ ದಿನ, ಮನೆಮಂದಿಯೆಲ್ಲ ಕೂತು ಮಾಡಿದರೆ ಒಂದೂವರೆ ತಾಸಿನ ಕೆಲಸ ಇದು. ಹೂರಣ ತುಂಬುವುದನ್ನು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಕಲಿಸಿ. ತಾವೇ ಲಟ್ಟಿಸಿದ್ದನ್ನು ಮಕ್ಕಳು ಬೇಡವೆನ್ನುವುದು ಅಪರೂಪ. ಈ ಭಾನುವಾರ ಶೇಂಗಾ ಹೋಳಿಗೆಯಿಂದಲೇ ಶುರು ಮಾಡಿ.