ಹಿರೇಮದ್ದಿನ ಬೇರು ಮತ್ತು ಮರೆವಿನ ಕಾಯಿಲೆ

ಒಣ ನೆಲದಲ್ಲಿ, ಹೊಲದ ಬದುಗಳಲ್ಲಿ ಸೊಂಟದೆತ್ತರಕ್ಕೆ ಬೆಳೆಯುವ ಹಿರೇಮದ್ದಿನ ಗಿಡವೇ ಅಶ್ವಗಂಧ. ಕಾಗದದಂಥ ತೆಳು ಹೊದಿಕೆಯೊಳಗೆ ಅದರ ಕೆಂಪು ಹಣ್ಣು ಅಡಗಿರುತ್ತದೆ. ಒಣಗಿದ ಬೇರನ್ನು ಮುರಿದರೆ ಒಳಗೆಲ್ಲ ಬೆಳ್ಳಗಿನ ಹಿಟ್ಟು. ನಿಶ್ಶಕ್ತಿಗೆಂದು, ನಿದ್ದೆಗೆಂದು ಹಾಲಿನಲ್ಲಿ ಕದಡಿ ಕುಡಿಯುತ್ತ ಬಂದ ಈ ಬೇರಿನ ಬಗ್ಗೆ 2012ರಲ್ಲಿ ಒಂದು ಮಹತ್ವದ ಸಂಶೋಧನೆ ಪ್ರಕಟವಾಯಿತು.

ಮರೆವು ತರುವ ಅಲ್ಝೈಮರ್ ಕಾಯಿಲೆಯಲ್ಲಿ ಅಮೈಲಾಯ್ಡ್ ಬೀಟಾ ಎಂಬ ಪ್ರೋಟೀನಿನ ತುಣುಕುಗಳು ಮಿದುಳಿನ ನರಕೋಶಗಳ ನಡುವೆ ಗಡ್ಡೆಕಟ್ಟುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯಲಕ್ಷ್ಮೀ ರವೀಂದ್ರನಾಥ್ ಮತ್ತು ಸಂಗಡಿಗರು ಇಂಥ ಕಾಯಿಲೆ ಬರುವಂತೆ ಬೆಳೆಸಿದ ಇಲಿಗಳಿಗೆ 30 ದಿನ ಅಶ್ವಗಂಧದ ಬೇರಿನ ಸಾರ ಕುಡಿಸಿದರು. ಇಲಿಗಳ ನೆನಪು ಸುಧಾರಿಸಿತು. ಮಿದುಳಿನಲ್ಲಿ ಅಮೈಲಾಯ್ಡ್ ತಗ್ಗಿತು, ರಕ್ತದಲ್ಲಿ ಏರಿತು. ಅಂದರೆ ಅದು ಮಿದುಳಿನಿಂದ ಹೊರಬೀಳುತ್ತಿತ್ತು. ಎಳೆದು ತೆಗೆಯುತ್ತಿದ್ದದ್ದು ಯಾವುದು? ಯಕೃತ್ತು! ಅಮೈಲಾಯ್ಡನ್ನು ಹಿಡಿದು ಸಾಗಹಾಕುವ ಎಲ್‌ಆರ್‌ಪಿ ಎಂಬ ಪ್ರೋಟೀನು ಅಲ್ಲಿ ಹೆಚ್ಚಾಗಿತ್ತು. ಯಕೃತ್ತಿನಲ್ಲಿ ಅದನ್ನು ತಗ್ಗಿಸಿದ ಇಲಿಗಳಲ್ಲಿ ಬೇರಿನ ಸಾರ ಕೆಲಸವನ್ನೇ ಮಾಡಲಿಲ್ಲ. ಮಿದುಳಿನ ರೋಗಕ್ಕೆ ಯಕೃತ್ತಿನ ಕಡೆಯಿಂದಲೂ ದಾರಿ ಇರಬಹುದು ಎಂಬ ಈ ಹೊಳಹೇ, ನನ್ನ ಮಟ್ಟಿಗೆ, ಬೇರಿಗಿಂತ ದೊಡ್ಡ ಸಂಗತಿ.

ಆದರೆ ಇಲಿಗೆ ಒಗ್ಗಿದ್ದು ಮನುಷ್ಯನಿಗೂ ಒಗ್ಗುತ್ತದೆಂದು ಹೇಳಲಾಗದು. ಗಿಡದಿಂದ ಬಂದು ನಿಜಕ್ಕೂ ವೈದ್ಯರ ಚೀಟಿ ಸೇರಿದ ಮದ್ದು ಗ್ಯಾಲಂಟಮೈನ್. 1950ರ ದಶಕದಲ್ಲಿ ಬಲ್ಗೇರಿಯಾದ ವಿಜ್ಞಾನಿಗಳು ಸ್ನೋಡ್ರಾಪ್ ಎಂಬ ಹೂಗಿಡದಿಂದ ಬೇರ್ಪಡಿಸಿದ ಈ ರಾಸಾಯನಿಕಕ್ಕೆ ಅಮೆರಿಕ ಅಲ್ಝೈಮರ್ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟದ್ದು 2001ರಲ್ಲಿ. ಅದೂ ಕಾಯಿಲೆಯನ್ನು ವಾಸಿಮಾಡುವುದಿಲ್ಲ. ನರಕೋಶಗಳ ನಡುವೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಬೇಗ ಕರಗದಂತೆ ತಡೆದು ಒಂದಷ್ಟು ಕಾಲ ನೆರವಾಗುತ್ತದೆ. ಗಿಂಕ್ಗೊ ಎಂಬ ಮರದ ಎಲೆಯ ಸಾರವನ್ನಂತೂ ಅಮೆರಿಕದಲ್ಲಿ 3069 ವೃದ್ಧರ ಮೇಲೆ ವರ್ಷಗಟ್ಟಲೆ ಪರೀಕ್ಷಿಸಿದರು. ಅದು ಮರೆವಿನ ಕಾಯಿಲೆಯನ್ನು ತಡೆಯಲಿಲ್ಲವೆಂದು 2008ರಲ್ಲಿ ಗೊತ್ತಾಯಿತು.

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇದೆಯೆಂಬ ಅಂದಾಜು 2023ರಲ್ಲಿ ಪ್ರಕಟವಾಯಿತು. ಇಂಥ ಮನೆಗಳಿಗೆ "ನೆನಪು ಮರಳಿಸುವ" ಚೂರ್ಣದ ಜಾಹೀರಾತು ಎಷ್ಟು ಬೇಗ ನಾಟುತ್ತದೆಂದು ಬೇರೆ ಹೇಳಬೇಕಿಲ್ಲ. ನೆನಪಿಗೆ ಒಳ್ಳೆಯದೆನ್ನುವ ಒಂದೆಲಗದ ತಂಬುಳಿ ಊಟಕ್ಕೆ ಚೆನ್ನ, ಧಾರಾಳವಾಗಿ ಉಣ್ಣಿ. ಅಶ್ವಗಂಧದ ಗಟ್ಟಿ ಸಾರದ ಮಾತ್ರೆ ಹಾಗಲ್ಲ: ಅದನ್ನು ನುಂಗಿದ ಕೆಲವರಲ್ಲಿ ಯಕೃತ್ತೇ ಕೆಟ್ಟ ವರದಿಗಳಿವೆ. ಥೈರಾಯ್ಡ್ ಮತ್ತು ನಿದ್ದೆಯ ಮಾತ್ರೆಗಳ ಜೊತೆಗೂ ಅದು ಸರಿಹೋಗದಿರಬಹುದು.

ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಗಳಿಂದಲೂ ಮರೆವು ಬರುತ್ತದೆ. ಅವಕ್ಕೆ ಚಿಕಿತ್ಸೆ ಇದೆ. ಆದ್ದರಿಂದ ಮನೆಯ ಹಿರಿಯರು ನಡೆದಾಡಿದ ದಾರಿಯನ್ನೇ ಮರೆಯತೊಡಗಿದರೆ ಮೊದಲು ನರರೋಗ ತಜ್ಞರಲ್ಲಿಗೆ ಕರೆದೊಯ್ಯಿರಿ. ಹೋಗುವಾಗ ಅವರು ಸೇವಿಸುತ್ತಿರುವ ಚೂರ್ಣ, ಲೇಹ್ಯದ ಡಬ್ಬಿಗಳನ್ನೂ ಮರೆಯದೆ ತೋರಿಸಿ.