ಗಣಕದ ಮೇಜೂ ಆಟದ ಅಂಗಳವೂ

ಕೆಲವು ದಿವಸಗಳ ಕೆಳಗೆ ವೈಟ್‌ಫೀಲ್ಡಿನಲ್ಲಿ ವಾಸವಾಗಿರುವ ಇಬ್ಬರು ತರುಣ ಇಂಜಿನಿಯರುಗಳು ನಮ್ಮನ್ನು ತಮ್ಮ ಮನೆಗೆ ಕರೆಸಿಕೊಂಡು, ರಜಾದಿನಗಳಲ್ಲಿ ತಾವು ಕಟ್ಟಿದ ಒಂದು ನೂತನ ಸಾಧನವನ್ನು ತೋರಿಸಿದರು. ಕಂಪ್ಯೂಟರನ್ನು ತೆರೆದೊಡನೆ ನಾವೆಲ್ಲರೂ ಬಲ್ಲ ಚಪ್ಪಟೆಯಾದ ಪರದೆಯು ಅಲ್ಲಿ ಕಾಣಲಿಲ್ಲ. ಅದರ ಬದಲು ಒಂದು ತೊಟ್ಟಿಯ ಮನೆ ಕಂಡಿತು. ಹಜಾರ, ಕೋಣೆಗಳು, ಕೋಣೆಗಳಲ್ಲಿ ಕಪಾಟುಗಳು, ಕಪಾಟುಗಳಲ್ಲಿ ನಮ್ಮ ಪತ್ರಗಳು ಮತ್ತು ಚಿತ್ರಗಳು. ಎಲ್ಲವೂ ಉದ್ದ ಅಗಲಗಳೊಡನೆ ಆಳವನ್ನೂ ಉಳ್ಳವು. ಹುಡುಗರು ಆಡುವ ಕಂಪ್ಯೂಟರ್ ಆಟಗಳಲ್ಲಿರುವಂತೆ ಈ ಮನೆಯೊಳಗೆ ನಡೆದಾಡಬಹುದು, ತಿರುಗಿ ನೋಡಬಹುದು, ಬಾಗಿಲನ್ನು ತೆರೆಯಬಹುದು. ನೋಡುವುದಕ್ಕೆ ಬಹು ಸೊಗಸಾಗಿತ್ತೆಂದು ನಾವು ಮನಃಪೂರ್ವಕವಾಗಿ ಒಪ್ಪಿಕೊಂಡೆವು.

ಅನಂತರ ಅವರು, ಒಳಗಿರುವ ಒಂದು ಕಾಗದವನ್ನು ಹುಡುಕಿ ತೆಗೆಯಿರೆಂದು ನಮ್ಮನ್ನು ಕೇಳಿದರು. ನಾವು ಎರಡು ಸಲ ಗೋಡೆಗೆ ಮುಖ ಹಾಯಿಸಿದೆವು. ಒಂದು ಸಲ ದಾರಿ ತಪ್ಪಿ ಅಂಗಳಕ್ಕೆ ಬಂದು ನಿಂತೆವು. ಅಷ್ಟರಲ್ಲಿ ನಮ್ಮೊಡನೆ ಬಂದಿದ್ದ ಕಚೇರಿಯ ಗುಮಾಸ್ತರು ಪಕ್ಕದ ಸಾಮಾನ್ಯ ಯಂತ್ರದಲ್ಲಿ ಆ ಕಾಗದದ ಹೆಸರಿನ ನಾಲ್ಕು ಅಕ್ಷರಗಳನ್ನು ಒತ್ತಿ ಅದನ್ನು ಎದುರಿಗೆ ತಂದಿಟ್ಟಿದ್ದರು. ಎಲ್ಲರೂ ನಕ್ಕೆವು. ಆದರೆ ಹಿಂತಿರುಗಿ ಬರುವಾಗ ಈ ವಿಷಯವು ನಮ್ಮ ಮನಸ್ಸಿನಿಂದ ಹೋಗಲಿಲ್ಲ. ಇಂಥ ಮನೆಯು ಜನರಿಗೆ ಉಪಯೋಗವಾದೀತೆ? ಉಪಯೋಗವಾಗದಿದ್ದಲ್ಲಿ ಅದರೊಳಗಿನ ಯಾವ ಅಂಶವನ್ನು ಉಳಿಸಿಕೊಳ್ಳಬೇಕು? ನಾವು ಪಾಠಶಾಲೆಯಲ್ಲಿ ಓದಿ ಮೆಟ್ರಿಕ್ಯುಲೇಷನ್ನಿಗೆ ನಿಂತವರು, ಗಣಕಶಾಸ್ತ್ರದಲ್ಲಿ ಪಂಡಿತರಲ್ಲ. ಆದರೂ ದಿನವೂ ಆ ಯಂತ್ರದ ಮುಂದೆ ಕುಳಿತು ಕೆಲಸಮಾಡುವ ಸಹಸ್ರಾರು ಮಂದಿಯಲ್ಲಿ ನಾವೂ ಒಬ್ಬರಾದಕಾರಣ ಎರಡು ಮಾತು ಹೇಳಲು ಅಧಿಕಾರವುಂಟೆಂದು ನಂಬಿದ್ದೇವೆ.

ಪರದೆಯನ್ನು 'ಡೆಸ್ಕ್‌ಟಾಪ್' ಎಂದು ಕರೆಯುವುದು ಹೇಗೆ ಬಂತೆಂಬುದನ್ನು ಮೊದಲು ನೋಡೋಣ. 1981ರಲ್ಲಿ ಅಮೆರಿಕಾ ದೇಶದ ಜೆರಾಕ್ಸ್ ಕಂಪನಿಯವರು 'ಸ್ಟಾರ್' ಎಂಬ ಯಂತ್ರವನ್ನು ಮಾರಾಟಕ್ಕೆ ತಂದರು. ಕಚೇರಿಯ ನೌಕರನು ಬೆದರಬಾರದೆಂಬ ಉದ್ದೇಶದಿಂದ ಅದರ ಪರದೆಯ ಮೇಲೆ ಅವನ ಮೇಜನ್ನೇ ಚಿತ್ರಿಸಿದರು: ಕಾಗದ, ಫೋಲ್ಡರು, ಕಾಗದಗಳನ್ನಿಡುವ ಬೀರು. ಅಮೆರಿಕಾದ ಗುಮಾಸ್ತನಿಗೆ ಇವು ಬಾಲ್ಯದಿಂದ ಪರಿಚಿತವಾದ ವಸ್ತುಗಳು. ನಮ್ಮಲ್ಲಿಯಾದರೋ 'ಫೈಲು' ಎಂಬುದಕ್ಕೆ ನಾವು ಬಳಸುವ 'ಕಡತ' ಎಂಬ ಮಾತೇ ಬೇರೊಂದು ಲೋಕದ್ದು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಕರಿಯ ಪುಸ್ತಕವೇ ಕಡತ. ಶಾನುಭೋಗರೂ ವರ್ತಕರೂ ಮಠದ ಪಾರುಪತ್ಯಗಾರರೂ ಅದನ್ನು ಬಿಡಿಸಿ ಓದಿ ಮಡಿಸಿಡುತ್ತಿದ್ದರು. ಪರರ ಮೇಜನ್ನು ನಾವು ಹಾಗೆಯೇ ತೆಗೆದುಕೊಂಡು ಅಭ್ಯಾಸಮಾಡಿಕೊಂಡೆವು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮೇಜು ದೇವರು ಕೊಟ್ಟದ್ದಲ್ಲ, ಒಂದು ದೇಶದ ಕಚೇರಿಯಿಂದ ಎತ್ತಿಕೊಂಡ ಉಪಮಾನ ಮಾತ್ರವೆಂಬುದನ್ನು ತಿಳಿದರೆ, ಬೇರೆ ಉಪಮಾನವನ್ನು ಹುಡುಕುವ ತರುಣರ ಸಾಹಸವು ಹುಚ್ಚೆಂದು ತೋರಲಾರದು.

ಅವರ ಪಕ್ಷದಲ್ಲಿ ಹೇಳಬಹುದಾದ ಬಲವಾದ ಯುಕ್ತಿಯೊಂದುಂಟು. ತಾಲ್ಲೂಕು ಕಚೇರಿಯ ರಿಕಾರ್ಡು ಕೋಣೆಯನ್ನು ನೋಡಿದವರಿಗೆ ಇದು ಗೊತ್ತು. ಕೆಂಪು ಬಟ್ಟೆಯಲ್ಲಿ ಕಟ್ಟಿದ ನೂರಾರು ಗಂಟುಗಳು ನೆಲದಿಂದ ಮಾಳಿಗೆಯವರೆಗೆ ಇರುತ್ತವೆ. ಹೊಸಬನಿಗೆ ಅದು ಅರಣ್ಯ. ಆದರೆ ಹಳೆಯ ರಿಕಾರ್ಡುಪಾಲಕನು ಕಿಟಕಿಯ ಬಳಿಯ ಮೂರನೆಯ ಅಡ್ಡೆಯಲ್ಲಿ ಮೇಲಿನಿಂದ ಎರಡನೆಯ ಗಂಟೆಂದು ಕಣ್ಣುಮುಚ್ಚಿ ತೆಗೆದುಕೊಡುತ್ತಾನೆ. ಹೆಸರನ್ನು ಮರೆತ ಮನುಷ್ಯನು ಸ್ಥಳವನ್ನು ಮರೆಯುವುದಿಲ್ಲ. ಈ ಸ್ಥಳಸ್ಮರಣೆಯನ್ನು ಕಂಪ್ಯೂಟರಿಗೆ ತರುವ ಪ್ರಯತ್ನವನ್ನು 1998ರಲ್ಲಿ ಮೈಕ್ರೋಸಾಫ್ಟಿನ ಸಂಶೋಧಕರು ಮಾಡಿದರು. ಇಳಿಜಾರಾದ ಬೆಟ್ಟದಂತೆ ಕಾಣುವ ಪರದೆಯ ಮೇಲೆ ನೂರು ಪುಟಗಳನ್ನು ಜನರು ತಮಗಿಷ್ಟವಾದ ಎಡೆಗಳಲ್ಲಿ ಇಟ್ಟುಕೊಂಡು, ಬೇಕಾದಾಗ ಹುಡುಕಿ ತೆಗೆಯುವಂತೆ ಏರ್ಪಡಿಸಿದರು. ಹೆಸರುಗಳ ಪಟ್ಟಿಯಿಂದ ಹುಡುಕಿದವರಿಗಿಂತ ಇವರು ಬೇಗ ಹುಡುಕಿದರು.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾನಿಲಯದ ಆಂಡಿ ಕಾಕ್‌ಬರ್ನ್ ಮತ್ತು ಬ್ರೂಸ್ ಮೆಕೆಂಜಿ ಎಂಬವರು 2001 ಮತ್ತು 2002ರಲ್ಲಿ ಇದನ್ನೇ ಮತ್ತೆ ಒರೆಗೆ ಹಚ್ಚಿದರು. ಚಪ್ಪಟೆ ಪರದೆಯ ಮೇಲೂ ಆಳವುಳ್ಳ ಪರದೆಯ ಮೇಲೂ ಜನರಿಂದ ಕೆಲಸ ಮಾಡಿಸಿದರು. ಪರದೆಯನ್ನು ಬಿಟ್ಟು ನಿಜವಾದ ವಸ್ತುಗಳಿಂದಲೂ ಅದೇ ಏರ್ಪಾಟನ್ನು ಮಾಡಿ ನೋಡಿದರು. ವಸ್ತುಗಳನ್ನು ಮೂರನೆಯ ದಿಕ್ಕಿನಲ್ಲಿ ಇಡುವ ಸ್ವಾತಂತ್ರ್ಯ ಹೆಚ್ಚಿದಷ್ಟೂ ಹುಡುಕುವುದು ನಿಧಾನವಾಯಿತೆಂದು ಕಂಡುಬಂದಿತು. ನಿಜವಾದ ವಸ್ತುಗಳ ವಿಷಯದಲ್ಲಿಯೂ ಫಲವು ಹೀಗೆಯೇ. ಎಂದರೆ ಮನುಷ್ಯನಿಗೆ ನೆರವಾಗುವುದು ತನ್ನ ಕೈಯಿಂದಲೇ ಇಟ್ಟ ಸ್ಥಳ, ಮತ್ತು ಅದು ಕದಲದೆ ಅಲ್ಲಿಯೇ ಇರುವುದು. ಆಳವು ಅದಕ್ಕೆ ಏನನ್ನೂ ಸೇರಿಸಲಿಲ್ಲ. ನಮ್ಮ ರಿಕಾರ್ಡುಪಾಲಕನ ಅಡ್ಡೆಯೂ ವಿಚಾರಿಸಿ ನೋಡಿದರೆ ಗೋಡೆಗೆ ಒರಗಿದ ಚಪ್ಪಟೆಯಾದ ಏರ್ಪಾಟೇ ಅಷ್ಟೆ.

ವ್ಯಾಪಾರದ ಚರಿತ್ರೆಯೂ ಇದನ್ನೇ ಹೇಳುತ್ತದೆ. 1995ರಲ್ಲಿ ಮೈಕ್ರೋಸಾಫ್ಟಿನವರು 'ಬಾಬ್' ಎಂಬ ಹೆಸರಿನಿಂದ ಪರದೆಯನ್ನು ಒಂದು ಮನೆಯ ಕೋಣೆಗಳನ್ನಾಗಿ ಮಾಡಿದರು. ಮರುವರ್ಷವೇ ಅದನ್ನು ಹಿಂದಕ್ಕೆ ತೆಗೆದುಕೊಂಡರು. 2003ರಲ್ಲಿ ಸನ್ ಕಂಪನಿಯವರು 'ಲುಕಿಂಗ್ ಗ್ಲಾಸ್' ಎಂಬುದನ್ನು ಪ್ರದರ್ಶಿಸಿದರು. ಅದರಲ್ಲಿ ಕಿಟಕಿಗಳನ್ನು ಮಗುಚಿ ಹಿಂಬದಿಯಲ್ಲಿ ಟಿಪ್ಪಣಿ ಬರೆಯಬಹುದಾಗಿತ್ತು. ಜನರು ಬೆರಗಾದರು, ಬಳಸಲಿಲ್ಲ. ಕೆನಡಾ ದೇಶದ ಟೊರಾಂಟೋದಲ್ಲಿ ಆನಂದ್ ಅಗರವಾಲಾ ಎಂಬವರು 2006ರಲ್ಲಿ ತೋರಿಸಿದ 'ಬಂಪ್‌ಟಾಪ್'ನಲ್ಲಿ ಕಾಗದಗಳಿಗೆ ತೂಕವಿತ್ತು. ಅವುಗಳನ್ನು ರಾಶಿ ಹಾಕಬಹುದು, ಎಸೆಯಬಹುದು. ಗೂಗಲಿನವರು 2010ರಲ್ಲಿ ಅದನ್ನು ಕೊಂಡು ನಿಲ್ಲಿಸಿಬಿಟ್ಟರು. ವಿಂಡೋಸ್ ವಿಸ್ಟಾದಲ್ಲಿ ಕಿಟಕಿಗಳನ್ನು ಇಸ್ಪೀಟಿನ ಎಲೆಗಳಂತೆ ಓರೆಯಾಗಿ ನಿಲ್ಲಿಸಿ ತೋರಿಸುತ್ತಿದ್ದ ಏರ್ಪಾಟು 2012ರ ವಿಂಡೋಸ್ 8ರಲ್ಲಿ ಮಾಯವಾಯಿತು. 2024ರಲ್ಲಿ ಆಪಲ್ ಕಂಪನಿಯವರು ಕಣ್ಣಿಗೆ ಕಟ್ಟಿಕೊಳ್ಳುವ ಯಂತ್ರವನ್ನು ತಂದು, ಕೋಣೆಯ ಗಾಳಿಯಲ್ಲಿಯೇ ಕಿಟಕಿಗಳು ತೇಲುವಂತೆ ಮಾಡಿದರು. ಅದಕ್ಕೆ ಬೆಲೆ 3,499 ಡಾಲರು, ಎಂದರೆ ಮೂರು ಲಕ್ಷ ರೂಪಾಯಿಗೆ ಸಮೀಪ. ನಮ್ಮ ಗುಮಾಸ್ತರ ಪಾಡಿಗೆ ಅದು ಎಟುಕುವ ಮಾತಲ್ಲ.

ಹಾಗಾದರೆ ಮೂರನೆಯ ಆಯಾಮವು ಎಲ್ಲಿಯೂ ಬೇಡವೆ? ಬೇಕು, ಎಲ್ಲಿ ಬೇಕೆಂಬುದನ್ನು ತಿಳಿಯಲು ಪೀಣ್ಯಕ್ಕೆ ಹೋಗಬೇಕು. ಅಲ್ಲಿಯ ಕಾರ್ಖಾನೆಗಳಲ್ಲಿ ಹಿಂದೆ ಒಂದು ಭಾಗವನ್ನು ಮಾಡಬೇಕಾದರೆ ಮೇಲಿನ ನೋಟ, ಎದುರಿನ ನೋಟ, ಪಕ್ಕದ ನೋಟವೆಂದು ಮೂರು ನಕ್ಷೆಗಳನ್ನು ಕೊಡುತ್ತಿದ್ದರು. ಅವನ್ನು ಮನಸ್ಸಿನಲ್ಲಿ ಕೂಡಿಸಿ ಲೋಹದ ಆಕಾರವನ್ನು ಕಾಣುವುದಕ್ಕೆ ಟರ್ನರನಿಗೆ ವರ್ಷಗಟ್ಟಲೆ ಅನುಭವ ಬೇಕಾಗಿತ್ತು. ಈಗ ಆ ಭಾಗವೇ ಪರದೆಯ ಮೇಲೆ ನಿಲ್ಲುತ್ತದೆ. ತಿರುಗಿಸಿ ನೋಡಬಹುದು, ಸೀಳಿ ನೋಡಬಹುದು. ಸಿ.ಎನ್.ಸಿ. ಯಂತ್ರದ ಉಳಿಯು ಯಾವ ದಾರಿಯಲ್ಲಿ ಓಡುವುದೆಂಬುದನ್ನು ಲೋಹವನ್ನು ಮುಟ್ಟುವುದಕ್ಕೆ ಮುಂಚೆಯೇ ಪರೀಕ್ಷಿಸಬಹುದು. ಎಲ್ಲಿಯಾದರೂ ಉಳಿಯು ಹಿಡಿಕೆಗೆ ತಾಗುವಂತಿದ್ದರೆ ಪರದೆಯ ಮೇಲೆ ತಾಗುತ್ತದೆಯೇ ಹೊರತು ಯಂತ್ರವು ಮುರಿಯುವುದಿಲ್ಲ. ಇಲ್ಲಿ ಆಳವು ಅಲಂಕಾರವಲ್ಲ. ವಸ್ತುವಿಗೇ ಆಳವುಂಟು, ಆದಕಾರಣ ಚಿತ್ರಕ್ಕೂ ಉಂಟು. ಅರ್ಜಿಗೂ ಪತ್ರಕ್ಕೂ ಲೆಕ್ಕಕ್ಕೂ ಆಳವಿಲ್ಲ. ಅವುಗಳನ್ನು ಓಣಿಯೊಳಗೆ ನಿಲ್ಲಿಸಿದರೆ ಓದುವವನು ಸುಮ್ಮನೆ ನಡೆಯಬೇಕಾಗುತ್ತದೆ.

ಆಟದಿಂದ ಕಲಿಯತಕ್ಕದ್ದು ಮಾತ್ರ ಬಹಳವಿದೆ. ಹತ್ತು ವರ್ಷದ ಹುಡುಗನು ಯಾರ ಉಪದೇಶವೂ ಇಲ್ಲದೆ ಅರ್ಧ ಗಂಟೆಯಲ್ಲಿ ಒಂದು ಹೊಸ ಆಟವನ್ನು ಕಲಿಯುತ್ತಾನೆ. ಏತಕ್ಕೆಂದರೆ ಮೊದಲ ಮೆಟ್ಟಲು ಸುಲಭ. ಒತ್ತಿದ ಪ್ರತಿಯೊಂದು ಗುಂಡಿಗೂ ಒಡನೆಯೇ ಉತ್ತರವುಂಟು. ತಪ್ಪಿದರೆ ದಂಡವು ಅಲ್ಪ, ಮತ್ತೆ ಅಲ್ಲಿಂದಲೇ ಆರಂಭಿಸಬಹುದು. ತಾನು ಎಲ್ಲಿದ್ದೇನೆ, ಇನ್ನೆಷ್ಟು ದೂರವಿದೆ ಎಂಬುದು ಸದಾ ಕಾಣುತ್ತಿರುತ್ತದೆ. ನಮ್ಮ ಜನರು ಕಂಪ್ಯೂಟರಿನಲ್ಲಿ ತುಂಬುವ ಅರ್ಜಿಗಳನ್ನು ಇದರೊಡನೆ ಹೋಲಿಸಿ ನೋಡಿ. ನಾವೇ ಒಮ್ಮೆ ನಲವತ್ತು ಪ್ರಶ್ನೆಗಳ ಒಂದು ಅರ್ಜಿಯನ್ನು ತುಂಬಿ ಕೊನೆಯ ಗುಂಡಿಯನ್ನು ಒತ್ತಿದಾಗ, ಇಂಗ್ಲಿಷಿನಲ್ಲಿ ಒಂದು ಕೆಂಪು ಸಾಲು ಮೂಡಿ, ಬರೆದದ್ದೆಲ್ಲವೂ ಅಳಿಸಿಹೋಯಿತು. ಯಾವ ತಪ್ಪು, ಎಲ್ಲಿ ತಪ್ಪು, ಎಂಬುದನ್ನು ಯಂತ್ರವು ಹೇಳಲಿಲ್ಲ. ಹೀಗೆ ಮಾಡುವ ಆಟವನ್ನು ಯಾವ ಹುಡುಗನೂ ಎರಡನೆಯ ಸಲ ಆಡಲಾರನು. ಆದರೆ ಪಿಂಚಣಿಗಾಗಿ ಬಂದ ವೃದ್ಧನಿಗೆ ಬೇರೆ ದಾರಿಯಿಲ್ಲದ್ದರಿಂದ ಆಡಲೇಬೇಕು.

ಈ ಬಗೆಯ ವಿವೇಕವು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮೊದಲಾದವರೂ ಎನ್‌ಕೋರ್ ಕಂಪನಿಯವರೂ ಸೇರಿ 2001ರಲ್ಲಿ 'ಸಿಂಪ್ಯೂಟರ್' ಎಂಬ ಅಂಗೈಯ ಕಂಪ್ಯೂಟರನ್ನು ಜನರ ಮುಂದಿಟ್ಟರು. ಓದು ಬಾರದವನಿಗೂ ಅದು ತನ್ನ ಭಾಷೆಯಲ್ಲಿ ಓದಿ ಹೇಳಬೇಕೆಂಬುದು ಅವರ ಸಂಕಲ್ಪ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸಿನವರು ಮಾಡಿಕೊಟ್ಟ ಅದರ 'ಅಮಿಡಾ' ಎಂಬ ರೂಪದಲ್ಲಿ, ಕೈಯನ್ನು ಓರೆಮಾಡಿದರೆ ಪುಟವು ತಿರುಗುವ ಉಪಾಯವೂ ಇತ್ತು. ಐಫೋನು ಬಂದದ್ದು 2007ರಲ್ಲಿ ಎಂಬುದನ್ನು ನೆನೆದರೆ ಇದರ ಮಹತ್ತ್ವವು ತಿಳಿಯುವುದು. ನಿರೀಕ್ಷಿಸಿದಷ್ಟು ಅದು ಮಾರಾಟವಾಗಲಿಲ್ಲವೆಂಬುದೂ ನಿಜ. ಇನ್ನು 'ಭೂಮಿ' ಯೋಜನೆಯನ್ನು ನೋಡಿ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕೇಂದ್ರಗಳಲ್ಲಿ ಮೊದಲು 15 ರೂಪಾಯಿಗೆ ಪ್ರತಿಯನ್ನು ಕೊಡತೊಡಗಿದರು. ಅಲ್ಲಿ ಮಾಡಿದ ಒಂದು ಸಣ್ಣ ಉಪಾಯವು ನಮಗೆ ಬಹು ದೊಡ್ಡದಾಗಿ ತೋರುತ್ತದೆ: ನೌಕರನ ಪರದೆಯಲ್ಲದೆ ರೈತನ ಕಡೆಗೆ ಮುಖಮಾಡಿದ ಎರಡನೆಯ ಪರದೆಯೊಂದನ್ನು ಇಟ್ಟರು. ತನ್ನ ಜಮೀನಿನ ವಿಷಯದಲ್ಲಿ ಏನು ನಡೆಯುತ್ತಿದೆ ಎಂಬುದನ್ನು ರೈತನು ತಾನೇ ನೋಡಬಹುದಾಯಿತು. ಅದರಲ್ಲಿ ಆಳದ ಚಿತ್ರವಿರಲಿಲ್ಲ. ಜನರ ಮನಸ್ಸಿನ ಅರಿವಿತ್ತು.

ಇನ್ನೊಂದು ಮಾತು ನಮ್ಮ ಅಕ್ಷರಗಳ ವಿಷಯ. ಕನ್ನಡ ಲಿಪಿಯ ಒತ್ತಕ್ಷರಗಳು ಸಾಲಿನ ಕೆಳಗೆ ಚಿಕ್ಕದಾಗಿ ಕೂರುವಂಥವು. ಪುಟವನ್ನು ಓರೆಯಾಗಿ, ದೂರದಲ್ಲಿ ನಿಲ್ಲಿಸಿದರೆ ಮೊದಲು ಅಳಿಸಿಹೋಗುವುದು ಅವೇ. ಅದಲ್ಲದೆ ಆಟಗಳನ್ನು ಕಟ್ಟುವ 'ಎಂಜಿನ್'ಗಳಲ್ಲಿ ಹಲವಕ್ಕೆ ಒತ್ತುಗಳನ್ನು ಸರಿಯಾಗಿ ಕೂಡಿಸುವ ವಿದ್ಯೆಯು ಬಹುಕಾಲ ಬರುತ್ತಿರಲಿಲ್ಲ; 'ಅಕ್ಕ' ಎಂಬುದು 'ಅಕ್‌ಕ' ಎಂದು ಮುರಿದು ಬೀಳುತ್ತಿತ್ತು. ಗೋಡೋ ಎಂಬ ಉಚಿತ ಎಂಜಿನ್ನಿನಲ್ಲಿ 2023ರ ನಾಲ್ಕನೆಯ ಆವೃತ್ತಿಯಿಂದ ಈ ಕೊರತೆಯು ನೀಗಿದೆ. ನಾವು ಕಂಡ ತೊಟ್ಟಿಯ ಮನೆಯಲ್ಲಿಯಾದರೋ ಕಂಬದ ಕೆತ್ತನೆಯು ಸುಂದರವಾಗಿತ್ತು, ಕಪಾಟಿನ ಮೇಲಿನ ಹೆಸರುಗಳೆಲ್ಲವೂ ಇಂಗ್ಲಿಷಿನಲ್ಲಿದ್ದವು. ಕಂಬವನ್ನು ಬಿಟ್ಟು ಹೆಸರುಗಳನ್ನು ಸರಿಪಡಿಸಿದ್ದರೆ ನಮ್ಮವರ ಮನೆಯೆಂಬ ಮಾತು ಹೆಚ್ಚು ಸಾರ್ಥಕವಾಗುತ್ತಿತ್ತು.

ಕೌಶಲಕ್ಕೆ ಇಲ್ಲಿ ದಾರಿದ್ರ್ಯವಿಲ್ಲ. 1978ರಲ್ಲಿ ಕಿಯೋನಿಕ್ಸಿನವರು ಆರ್. ಕೆ. ಬಾಳಿಗರ ದೂರದೃಷ್ಟಿಯಿಂದ ಕೋನಪ್ಪನ ಅಗ್ರಹಾರದ ಬಳಿ ಸ್ಥಾಪಿಸಿದ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ವೈಟ್‌ಫೀಲ್ಡಿನಲ್ಲಿಯೂ ಲೋಕದ ಅನೇಕ ಕಂಪನಿಗಳ ಪರದೆಗಳು ರೂಪುಗೊಳ್ಳುತ್ತಿವೆ. ರಾಜೇಶ್ ರಾವ್ ಎಂಬವರು 1997ರಲ್ಲಿ ನಮ್ಮ ನಗರದಲ್ಲಿ ಆರಂಭಿಸಿದ 'ಧ್ರುವ' ಎಂಬ ಆಟದ ಶಾಲೆಯು ಪರದೇಶದ ಆಟಗಳಿಗೆ ಚಿತ್ರಕಲೆಯನ್ನು ಒದಗಿಸಿ ಹೆಸರು ಪಡೆದು, 2017ರಲ್ಲಿ ಸ್ವೀಡನ್ ದೇಶದವರ ಕೈಗೂ 2019ರಲ್ಲಿ ರಾಕ್‌ಸ್ಟಾರ್ ಕಂಪನಿಯವರ ಕೈಗೂ ಸೇರಿತು. ಪರರ ಅಂಗಳವನ್ನು ಇಷ್ಟು ಚೆನ್ನಾಗಿ ಕಟ್ಟಬಲ್ಲವರಿಗೆ ನಮ್ಮ ತಾಲ್ಲೂಕು ಕಚೇರಿಯ ಕಿಟಕಿಯನ್ನು ಸರಿಪಡಿಸುವುದು ಕಷ್ಟವಾದ ಕೆಲಸವಲ್ಲ. ಯಾರೂ ಅವರನ್ನು ಕೇಳಿಲ್ಲ, ಅಷ್ಟೆ. ಕೇಳತಕ್ಕವರು ಅಧಿಕಾರಿಗಳು. ಗುತ್ತಿಗೆ ಕೊಡುವಾಗ ಪರದೆಯ ಬೆಡಗನ್ನು ನೋಡದೆ, ಅರವತ್ತು ವರ್ಷದ ಹತ್ತು ಮಂದಿ ರೈತರು ಯಾರ ಸಹಾಯವೂ ಇಲ್ಲದೆ ಎಷ್ಟು ಹೊತ್ತಿನಲ್ಲಿ ಅರ್ಜಿಯನ್ನು ಮುಗಿಸಿದರು ಎಂಬುದನ್ನು ಗಡಿಯಾರ ಹಿಡಿದು ನೋಡುವ ಪದ್ಧತಿಯನ್ನು ಅವರು ಹಾಕಿಕೊಳ್ಳಬೇಕು.

ಆ ಇಬ್ಬರು ತರುಣರಿಗೆ ನಾವು ಇದನ್ನೇ ಬರೆದು ತಿಳಿಸಿದ್ದೇವೆ. ತೊಟ್ಟಿಯ ಮನೆಯನ್ನು ಕೆಡವಬೇಕಾಗಿಲ್ಲ. ಅದರ ಗೋಡೆಯೊಂದನ್ನು ಮಾತ್ರ ಉಳಿಸಿಕೊಂಡು, ಇಟ್ಟದ್ದು ಇಟ್ಟಲ್ಲಿಯೇ ಇರುವಂತೆಯೂ, ಹೆಸರು ಒತ್ತಿದರೆ ಎದುರಿಗೆ ಬರುವಂತೆಯೂ, ತಪ್ಪಿದರೆ ಹಿಂದಿನ ಹೆಜ್ಜೆಗೆ ಮರಳುವಂತೆಯೂ, ಎಲ್ಲವೂ ಕನ್ನಡದಲ್ಲಿ ಕಾಣುವಂತೆಯೂ ಮಾಡಿ ತರಲಿ. ನಮ್ಮ ಕಚೇರಿಯ ಹಳೆಯ ಸಂಚಿಕೆಗಳ ಕೋಣೆಯನ್ನು ಇಪ್ಪತ್ತೆಂಟು ವರ್ಷಗಳಿಂದ ನೋಡಿಕೊಳ್ಳುತ್ತಿರುವವರೊಬ್ಬರಿದ್ದಾರೆ. ಅವರು ಇಂದಿಗೂ ಕಂಪ್ಯೂಟರನ್ನು ಮುಟ್ಟಿದವರಲ್ಲ. ಮೊದಲ ಪರೀಕ್ಷೆಗೆ ಅವರನ್ನೇ ಕೂರಿಸುತ್ತೇವೆ.