ನೆಲದಡಿಯ ಕೇಬಲ್ ಕೆಟ್ಟಾಗ: ಅಗೆಯುವ ಮುನ್ನ ಅಳೆಯುವ ಕ್ರಮ

ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಸರಬರಾಜು ಆರಂಭವಾದುದು 1902ರ ಜೂನ್ 30ರಂದು. ಸುಮಾರು 147 ಕಿ.ಮೀ. ಉದ್ದದ ಆ ಮಾರ್ಗವು ಅಂದಿನ ಜಗತ್ತಿನ ಅತಿ ದೀರ್ಘ ವಿದ್ಯುತ್ ಮಾರ್ಗಗಳಲ್ಲಿ ಒಂದಾಗಿತ್ತು. ಬೆಂಗಳೂರು ನಗರಕ್ಕೆ ವಿದ್ಯುದ್ದೀಪ ಬಂದುದು 1905ರಲ್ಲಿ. ಗಣಿಗಳಿಗೆ ಅದಕ್ಕೂ ಮೂರು ವರ್ಷ ಮೊದಲೇ ವಿದ್ಯುತ್ತು ತಲುಪಿತ್ತು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಲ್ಪಟ್ಟವು. ಆದರೆ ವಿದ್ಯುತ್ತನ್ನು ನಂಬಿದ ಉದ್ಯಮ ಈ ಸೀಮೆಯಲ್ಲಿ ಉಳಿದುಕೊಂಡಿದೆ. ಕೆ.ಜಿ.ಎಫ್., ಬಂಗಾರಪೇಟೆ, ಕಾಮಸಮುದ್ರದ ಸುತ್ತಮುತ್ತ ಗಿರಣಿ, ವರ್ಕ್‌ಶಾಪ್ ಅಥವಾ ಕೊಳವೆಬಾವಿ ಹೊಂದಿರುವ ಪ್ರತಿಯೊಬ್ಬರ ಆವರಣದಲ್ಲಿಯೂ ಇಂದು ನೆಲದಡಿ ಒಂದಲ್ಲ ಒಂದು ಕೇಬಲ್ ಹುದುಗಿದೆ.

ಕಂಬದ ಮೇಲಿನ ತಂತಿ ತುಂಡಾದರೆ ಲೈನ್‌ಮನ್ ನಡೆದು ಹೋಗಿ ಕಣ್ಣಾರೆ ಕಾಣಬಹುದು. ಹೂಳಿದ ಕೇಬಲ್ಲಿಗೆ ಆ ಸೌಲಭ್ಯವಿಲ್ಲ. ಮೇನ್ ಬೋರ್ಡಿನಿಂದ 300 ಮೀಟರ್ ದೂರದ ಷೆಡ್ಡಿಗೆ ಹೋದ ಕೇಬಲ್ಲು ಒಂದು ಮುಂಜಾನೆ ಕೆಟ್ಟರೆ ಯಂತ್ರಗಳು ನಿಲ್ಲುತ್ತವೆ, ಕಾರ್ಮಿಕರ ದಿನಗೂಲಿ ಮಾತ್ರ ನಿಲ್ಲುವುದಿಲ್ಲ. ಆಗ ಅನೇಕರು ಮಾಡುವ ಮೊದಲ ಕೆಲಸ ಗುದ್ದಲಿ ತರಿಸುವುದು. ಊಹೆಯ ಮೇಲೆ ಅಗೆದ ಗುಂಡಿಯಲ್ಲಿ ದೋಷ ಸಿಗದೆ ಹೋಗುವುದೂ, ಗುದ್ದಲಿಯ ಏಟಿಗೆ ಸರಿಯಿದ್ದ ಜಾಗದಲ್ಲಿ ಹೊಸ ಗಾಯವಾಗುವುದೂ ಅಪರೂಪವಲ್ಲ. ಅಳತೆಯಿಂದ ಆರಂಭಿಸಿದರೆ ಸಾಮಾನ್ಯವಾಗಿ ಒಂದೇ ಗುಂಡಿಯಲ್ಲಿ ಕೆಲಸ ಮುಗಿಯುತ್ತದೆ.

ಮೊದಲು ದೋಷದ ಜಾತಿ ತಿಳಿಯಬೇಕು

ಕೇಬಲ್ ದೋಷಗಳು ಮುಖ್ಯವಾಗಿ ಮೂರು ಬಗೆ: ಒಂದು ಕೋರ್ ಇನ್ನೊಂದಕ್ಕೆ ತಗಲುವ ಷಾರ್ಟ್, ಕೋರ್‌ನಿಂದ ಆರ್ಮರ್‌ಗೆ ಅಥವಾ ಭೂಮಿಗೆ ಸೋರುವ ಅರ್ಥ್ ದೋಷ, ಮತ್ತು ಕೋರ್ ತುಂಡಾಗುವ ಓಪನ್ ದೋಷ. ಪ್ರತಿಯೊಂದಕ್ಕೂ ಹುಡುಕುವ ವಿಧಾನ ಬೇರೆ. ಆದುದರಿಂದ ಜಾತಿ ನಿರ್ಣಯಿಸದೆ ಸ್ಥಳ ಹುಡುಕಲು ಹೊರಡುವುದು ವ್ಯರ್ಥ.

ಕೇಬಲ್ಲನ್ನು ಎರಡೂ ತುದಿಗಳಲ್ಲಿ ಬಿಡಿಸಿ, ವಿದ್ಯುತ್ ಇಲ್ಲವೆಂದು ಪರೀಕ್ಷಿಸಿ, ಕೋರ್‌ಗಳನ್ನು ಅರ್ಥ್‌ಗೆ ಮುಟ್ಟಿಸಿ ಉಳಿದ ಚಾರ್ಜನ್ನು ಇಳಿಸಬೇಕು. ಬಳಿಕ ಮೆಗ್ಗರ್‌ನಿಂದ ಪ್ರತಿ ಎರಡು ಕೋರ್‌ಗಳ ನಡುವೆ ಹಾಗೂ ಪ್ರತಿ ಕೋರ್ ಮತ್ತು ಅರ್ಥ್ ನಡುವೆ ಅಳೆಯಬೇಕು. ಸುಸ್ಥಿತಿಯಲ್ಲಿರುವ ಕಡಿಮೆ ಒತ್ತಡದ ಕೇಬಲ್ಲು ಅನೇಕ ಮೆಗಾಓಂ ತೋರಿಸುತ್ತದೆ. ಕೆಟ್ಟ ಕೋರ್ ಮಾತ್ರ ತೀರಾ ಕಡಿಮೆ ತೋರಿಸುತ್ತದೆ. ದೂರದ ತುದಿಯಲ್ಲಿ ಕೋರ್‌ಗಳನ್ನು ಜೋಡಿಸಿ ಮಲ್ಟಿಮೀಟರ್‌ನಿಂದ ನೋಡಿದರೆ ಯಾವುದು ತುಂಡಾಗಿದೆ ಎಂಬುದೂ ತಿಳಿಯುತ್ತದೆ. ಮೋಟಾರಿನ ಡ್ರೈವ್, ಸಾಫ್ಟ್ ಸ್ಟಾರ್ಟರ್ ಮೊದಲಾದ ಎಲೆಕ್ಟ್ರಾನಿಕ್ ಉಪಕರಣಗಳನ್ನು ಬಿಡಿಸದೆ ಮೆಗ್ಗರ್ ತಿರುಗಿಸಿದರೆ ಕೇಬಲ್ಲಿಗಿಂತ ದುಬಾರಿಯಾದ ವಸ್ತು ಸುಟ್ಟುಹೋದೀತು.

ಬ್ರಿಡ್ಜ್ ವಿಧಾನ

ಅರ್ಥ್ ದೋಷಕ್ಕೆ ಹಳೆಯದೂ ನಂಬಿಕೆಗೆ ಅರ್ಹವೂ ಆದ ವಿಧಾನ ಮರ್ರೇ ಲೂಪ್ ಪರೀಕ್ಷೆ. ಹತ್ತೊಂಬತ್ತನೆಯ ಶತಮಾನದ ಟೆಲಿಗ್ರಾಫ್ ಕಾಲದಲ್ಲಿಯೇ ವೀಟ್‌ಸ್ಟನ್ ಬ್ರಿಡ್ಜಿನ ತತ್ವದ ಮೇಲೆ ಇಂತಹ ಪರೀಕ್ಷೆಗಳು ರೂಪುಗೊಂಡವು. 1858ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ತಂತಿ ಕೆಲವೇ ವಾರಗಳಲ್ಲಿ ಕೆಟ್ಟುಹೋಯಿತು. ಸಮುದ್ರವನ್ನು ಅಗೆದು ನೋಡುವಂತಿಲ್ಲವಾದ್ದರಿಂದ ದಡದಲ್ಲಿ ಕುಳಿತೇ ದೂರ ಅಳೆಯುವ ವಿದ್ಯೆ ಅನಿವಾರ್ಯವಾಗಿತ್ತು.

ವಿಧಾನ ಸರಳ. ದೂರದ ತುದಿಯಲ್ಲಿ ಕೆಟ್ಟ ಕೋರನ್ನು ಒಂದು ಸರಿಯಾದ ಕೋರ್‌ಗೆ ದಪ್ಪ ತಂತಿಯಿಂದ ಜೋಡಿಸಿ ಕುಣಿಕೆ ಮಾಡಲಾಗುತ್ತದೆ. ಹತ್ತಿರದ ತುದಿಯಲ್ಲಿ ಎರಡು ಹೊಂದಿಸಬಲ್ಲ ರೋಧಗಳನ್ನಿಟ್ಟು ಗ್ಯಾಲ್ವನೋಮೀಟರ್‌ನ ಮುಳ್ಳು ಸೊನ್ನೆಗೆ ನಿಲ್ಲುವಂತೆ ಮಾಡಲಾಗುತ್ತದೆ. ಕೇಬಲ್ ಉದ್ದ 300 ಮೀಟರ್ ಆಗಿದ್ದರೆ ಕುಣಿಕೆ 600 ಮೀಟರ್. ಸರಿಯಾದ ಕೋರ್‌ನ ಕಡೆ 400 ಓಂ, ಕೆಟ್ಟ ಕೋರ್‌ನ ಕಡೆ 100 ಓಂ ಇರುವಾಗ ಮುಳ್ಳು ಸೊನ್ನೆಗೆ ನಿಂತರೆ, ದೋಷದ ದೂರ 600ರ ಐದನೇ ಒಂದು ಭಾಗ, ಅಂದರೆ 120 ಮೀಟರ್. ದೋಷದ ಜಾಗದಲ್ಲಿರುವ ರೋಧವು ಈ ಲೆಕ್ಕವನ್ನು ಕೆಡಿಸುವುದಿಲ್ಲ ಎಂಬುದೇ ಈ ಪರೀಕ್ಷೆಯ ದೊಡ್ಡ ಗುಣ.

ಒಂದು ಎಚ್ಚರಿಕೆ ಅಗತ್ಯ. ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವ ಮೂರೂವರೆ ಕೋರ್ ಕೇಬಲ್ಲಿನ ನ್ಯೂಟ್ರಲ್ ಉಳಿದ ಕೋರ್‌ಗಳಿಗಿಂತ ತೆಳುವಾಗಿರುತ್ತದೆ. ಅದನ್ನು ಮರಳುವ ದಾರಿಯಾಗಿ ಬಳಸಿ ಈ ಸೂತ್ರವನ್ನೇ ಹಾಕಿದರೆ ಉತ್ತರ ತಪ್ಪುತ್ತದೆ. ಸಮಾನ ಗಾತ್ರದ ಕೋರನ್ನೇ ಆರಿಸಬೇಕು. ಇನ್ನೊಂದು ತುದಿಯಿಂದಲೂ ಅಳೆದು ನೋಡಬೇಕು. ಮೇಲಿನ ಉದಾಹರಣೆಯಲ್ಲಿ ಅಲ್ಲಿಂದ 180 ಮೀಟರ್ ಬಂದರೆ ಅಳತೆ ಸರಿಯೆಂದು ಒಪ್ಪಬಹುದು.

ಪ್ರತಿಧ್ವನಿ ವಿಧಾನ

ಷಾರ್ಟ್ ಮತ್ತು ಓಪನ್ ದೋಷಗಳಿಗೆ ಟಿ.ಡಿ.ಆರ್. ಎಂಬ ಉಪಕರಣ ಹೆಚ್ಚು ಅನುಕೂಲ. ಬಾವಿಯಲ್ಲಿ ಕೂಗಿದ ದನಿ ಗೋಡೆಗೆ ಬಡಿದು ಮರಳುವಂತೆ, ಇದು ಕಳುಹಿಸಿದ ವಿದ್ಯುತ್ ಸ್ಪಂದನ ದೋಷದಿಂದ ಹಿಂದಿರುಗುತ್ತದೆ. ಕೇಬಲ್ಲಿನಲ್ಲಿ ಸ್ಪಂದನದ ವೇಗ ಮೈಕ್ರೊಸೆಕೆಂಡಿಗೆ 160 ಮೀಟರ್ ಎಂದು ಹಿಡಿದರೆ, 1.5 ಮೈಕ್ರೊಸೆಕೆಂಡಿನಲ್ಲಿ ಮರಳಿದ ಸ್ಪಂದನ ಹೋಗಿಬಂದ ದಾರಿ 240 ಮೀಟರ್, ದೋಷದ ದೂರ ಅದರ ಅರ್ಧವಾದ 120 ಮೀಟರ್. ಪರದೆಯ ಮೇಲೆ ಓಪನ್ ದೋಷ ಮೇಲ್ಮುಖವಾಗಿಯೂ ಷಾರ್ಟ್ ದೋಷ ಕೆಳಮುಖವಾಗಿಯೂ ಕಾಣುತ್ತದೆ. ಆದರೆ ತೇವದಿಂದ ನಿಧಾನವಾಗಿ ಸೋರುವ, ಹೆಚ್ಚು ರೋಧದ ದೋಷವು ಈ ಉಪಕರಣದ ಕಣ್ಣಿಗೆ ಬೀಳುವುದು ಕಷ್ಟ.

ನಿಖರ ಸ್ಥಳ

120 ಮೀಟರ್ ಎಂಬುದು ಕೇಬಲ್ಲಿನ ಉದ್ದಕ್ಕೆ ಸೇರಿದ ಅಳತೆ. ನೆಲದ ಮೇಲಿನ ಟೇಪಿನ ಅಳತೆಯಲ್ಲ. ಹೂಳುವಾಗ ಬಿಟ್ಟ ಸುರುಳಿ, ಪ್ಯಾನೆಲ್ಲಿಗೆ ಏರಿದ ಭಾಗ, ತಿರುವುಗಳು ಎಲ್ಲವೂ ಅದರೊಳಗಿವೆ. ಆದುದರಿಂದ ಕೊನೆಯ ಹಂತದಲ್ಲಿ ಸರ್ಜ್ ಜನರೇಟರ್ ಬಳಸುತ್ತಾರೆ. ಕೆಪಾಸಿಟರ್‌ನಲ್ಲಿ ತುಂಬಿದ ಚಾರ್ಜು ಒಮ್ಮೆಲೆ ಕೇಬಲ್ಲಿಗೆ ಇಳಿದಾಗ ದೋಷದ ಜಾಗದಲ್ಲಿ ಕಿಡಿ ಹಾರಿ ನೆಲದಡಿ ಸದ್ದಾಗುತ್ತದೆ. ಮೇಲಿಟ್ಟ ಗ್ರಾಹಕವು ಕಾಂತೀಯ ಸಂಕೇತವನ್ನು ತಕ್ಷಣವೂ, ಸದ್ದನ್ನು ತುಸು ತಡವಾಗಿಯೂ ಹಿಡಿಯುತ್ತದೆ. ಈ ಎರಡರ ಅಂತರ ಅತಿ ಕಡಿಮೆಯಿರುವ ಜಾಗದ ಕೆಳಗೇ ದೋಷವಿದೆ. ಕೇಬಲ್ಲಿನ ದರ್ಜೆಗೆ ಮೀರಿದ ಒತ್ತಡ ಅಥವಾ ಬಹಳ ಹೊತ್ತಿನ ಹೊಡೆತ ಹಳೆಯ ಕೇಬಲ್ಲನ್ನು ಬೇರೆಡೆಯೂ ದುರ್ಬಲಗೊಳಿಸುತ್ತದೆ. ಪರವಾನಗಿ ಪಡೆದ ಗುತ್ತಿಗೆದಾರರ ಹೊರತು ಬೇರೆಯವರು ಈ ಕೆಲಸಕ್ಕೆ ಕೈ ಹಾಕಬಾರದು.

ಕಾಯಿಸುವ ಕೇಬಲ್

ಚಳಿ ದೇಶಗಳಲ್ಲಿ ಮನೆಯ ನೆಲದಡಿ ಹಾಸುವ, ಕಾರ್ಖಾನೆಗಳಲ್ಲಿ ಫರ್ನೇಸ್ ಎಣ್ಣೆಯಂತಹ ಗಟ್ಟಿಯಾಗುವ ದ್ರವಗಳ ಕೊಳವೆಗೆ ಸುತ್ತುವ ಹೀಟಿಂಗ್ ಕೇಬಲ್ಲಿಗೂ ಇದೇ ತರ್ಕ ಅನ್ವಯಿಸುತ್ತದೆ. 230 ವೋಲ್ಟ್, 1150 ವ್ಯಾಟ್‌ನ ಸರಣಿ ಕೇಬಲ್ಲಿನ ರೋಧ 46 ಓಂ ಇರಬೇಕು. ಮೀಟರ್ ಅನಂತ ತೋರಿಸಿದರೆ ಎಳೆ ತುಂಡಾಗಿದೆ. 46 ಓಂ ಸರಿಯಾಗಿದ್ದೂ ಮೆಗ್ಗರ್ ಕಡಿಮೆ ತೋರಿಸಿದರೆ ಇನ್ಸುಲೇಷನ್ ಕೆಟ್ಟಿದೆ. ಎರಡು ತುದಿಗಳೂ ಕೈಗೆ ಸಿಗುವ ಕೇಬಲ್ಲಿನಲ್ಲಿ ಎಳೆಯೇ ಕುಣಿಕೆಯಾಗುವುದರಿಂದ ಬ್ರಿಡ್ಜ್ ಪರೀಕ್ಷೆಗೆ ಬೇರೆ ಕೋರ್ ಬೇಕಿಲ್ಲ. ಕೊನೆಗೆ, ಸೋರಿಕೆಯ ಜಾಗದಲ್ಲಿ ಮಿತವಾದ ಪ್ರವಾಹ ಹರಿಸಿ ಥರ್ಮಲ್ ಕ್ಯಾಮೆರಾದಿಂದ ನೋಡಿದರೆ ಬಿಸಿಯಾದ ಚುಕ್ಕೆ ಕಾಣುತ್ತದೆ; ಇಡೀ ನೆಲದ ಬದಲು ಒಂದೆರಡು ಟೈಲ್ ತೆಗೆದರೆ ಸಾಕು. ಉಷ್ಣತೆಗೆ ತಕ್ಕಂತೆ ತಾನೇ ರೋಧ ಬದಲಿಸಿಕೊಳ್ಳುವ ಕೇಬಲ್ಲಿಗೆ ಮಾತ್ರ ಈ ಓಂ ಲೆಕ್ಕ ಹೊಂದುವುದಿಲ್ಲ.

ಉದ್ಯಮಿಗಳು ಇಟ್ಟುಕೊಳ್ಳಬೇಕಾದ ದಾಖಲೆ

ಎಲ್ಲ ವಿಧಾನಗಳಿಗೂ ಉದ್ದ ಮತ್ತು ದಾರಿ ತಿಳಿದಿರಬೇಕು. ಕೇಬಲ್ ಹಾಕುವ ದಿನವೇ ಈ ಕೆಳಗಿನವನ್ನು ಬರೆದಿಡುವುದು ಲೇಸು:

1. ಕೇಬಲ್ಲಿನ ಗಾತ್ರ, ಕೋರ್‌ಗಳ ಸಂಖ್ಯೆ ಮತ್ತು ಹೊದಿಕೆಯ ಮೇಲೆ ಮುದ್ರಿತ ಮೀಟರ್ ಗುರುತಿನಂತೆ ಒಟ್ಟು ಉದ್ದ.
2. ಗೋಡೆ, ಕಂಬ ಮೊದಲಾದ ಸ್ಥಿರ ಗುರುತುಗಳಿಂದ ಅಳೆದ ದಾರಿಯ ನಕ್ಷೆ.
3. ಪ್ರತಿ ಜಾಯಿಂಟಿನ ಸ್ಥಳ. ಹೊಸ ದೋಷಗಳು ಬಹಳ ವೇಳೆ ಹುಟ್ಟುವುದು ಇಲ್ಲಿಯೇ.
4. ಮೆಗ್ಗರ್ ಪರೀಕ್ಷೆಯ ಫಲಿತಾಂಶ, ದಿನಾಂಕ ಸಹಿತ. ವರ್ಷಕ್ಕೊಮ್ಮೆ ಹೊಸ ನಮೂದು.

ಭಾರತೀಯ ಮಾನಕ ಐ.ಎಸ್. 1255 ಕಡಿಮೆ ಒತ್ತಡದ ಕೇಬಲ್ಲಿಗೆ 0.75 ಮೀಟರ್, 11 ಕಿಲೋವೋಲ್ಟ್‌ವರೆಗಿನ ಕೇಬಲ್ಲಿಗೆ 0.9 ಮೀಟರ್ ಆಳವನ್ನು ಸೂಚಿಸುತ್ತದೆ. ಮರಳಿನ ಹಾಸು, ಮೇಲೆ ಇಟ್ಟಿಗೆ ಅಥವಾ ಹಲಗೆಯ ರಕ್ಷಣೆ ಕೊಡದೆ ಉಳಿಸಿದ ಹಣ ಮೊದಲ ದುರಸ್ತಿಯಲ್ಲಿಯೇ ಕೈಬಿಡುತ್ತದೆ. ಕೋಲಾರ ಜಿಲ್ಲೆಯ ಕಲ್ಲುನೆಲದಲ್ಲಿ ಚೂಪಾದ ಜಲ್ಲಿಯ ಮೇಲೆಯೇ ಕೇಬಲ್ ಎಳೆದು ಮುಚ್ಚುವುದು ಮುಂದಿನ ದೋಷಕ್ಕೆ ಬೀಜ ಬಿತ್ತಿದಂತೆ. ಮೀಟರಿಗೆ ಮುಂಚಿನ ಕೇಬಲ್ಲನ್ನು ಮಾತ್ರ ಗ್ರಾಹಕರು ಮುಟ್ಟದೆ ವಿದ್ಯುತ್ ಕಂಪನಿಗೆ ತಿಳಿಸಬೇಕು.

ಅಳತೆಗೆ ತಗಲುವ ಕಾಲ ಕೆಲವು ಗಂಟೆ. ಊಹೆಗೆ ತಗಲುವ ಕಾಲಕ್ಕೆ ಮಿತಿಯಿಲ್ಲ. ನಕ್ಷೆಯೊಂದನ್ನು ಕಡತದಲ್ಲಿಟ್ಟ ಉದ್ಯಮಿಗೆ ಕೇಬಲ್ ದೋಷವು ಒಂದು ದಿನದ ತೊಂದರೆಯಾಗಿ ಮುಗಿಯುತ್ತದೆ.